ಸೆಟಪ್ ಪುಟ ತಿದ್ದಿದೆ, ಊಟ ಮಾಡಿ ಬರುವಷ್ಟರಲ್ಲಿ 'ಸ್ಪ್ಯಾಮ್' ಅಂತ ಮುಚ್ಚಿದ್ದರು. ನಾನು ಮಾಡಿದ್ದು ತಪ್ಪಾ?

ಹೇಮಾವತಿ_ದಂಡೆ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ಓಪನ್ ಸೋರ್ಸ್‌ಗೆ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ) ಏನಾದರೂ ಮಾಡಬೇಕು ಅಂತ ಬಹಳ ದಿನದ ಆಸೆ. ಒಂದು ಪೈಥಾನ್ ಪ್ರಾಜೆಕ್ಟ್ ಹಿಡಿದೆ, ಹೆಸರು ಬೇಡ ಬಿಡಿ. ಅದರ ರೀಡ್‌ಮಿಯಲ್ಲಿ (ಪ್ರಾಜೆಕ್ಟ್‌ನ ಪರಿಚಯದ ಪುಟ) ಮೂರೇ ಹೆಜ್ಜೆಯಲ್ಲಿ ಸೆಟಪ್ ಮುಗಿಯುತ್ತದೆ ಅಂತ ಇತ್ತು. ನನಗೆ ಎರಡು ಸಂಜೆ ಹಿಡಿಯಿತು.

ಮೊದಲ ಹೆಜ್ಜೆಯಲ್ಲೇ ಪಿಪ್ ಇನ್‌ಸ್ಟಾಲ್ (ಬೇಕಾದ ಪೈಥಾನ್ ಲೈಬ್ರರಿಗಳನ್ನು ಹಾಕುವ ಆಜ್ಞೆ) ನಿಂತಿತು. 'ಪಿಜಿ_ಕಾನ್ಫಿಗ್ ಸಿಗಲಿಲ್ಲ' ಅಂತ ಸ್ಕ್ರೀನ್ ತುಂಬ ಕೆಂಪು ಅಕ್ಷರ. ಹುಡುಕಿ ಹುಡುಕಿ ಗೊತ್ತಾಯಿತು, ಉಬುಂಟುವಿನಲ್ಲಿ ಲಿಬ್‌ಪಿಕ್ಯೂ-ಡೆವ್ ಅನ್ನುವ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸಂಬಂಧಪಟ್ಟ ಪ್ಯಾಕೇಜ್ ಮೊದಲೇ ಹಾಕಿರಬೇಕಂತೆ. ಆ ಮಾತು ಪುಟದಲ್ಲಿ ಎಲ್ಲೂ ಇಲ್ಲ. ಎರಡನೇ ಹೆಜ್ಜೆಯಲ್ಲಿ ಒಂದು ಮಾದರಿ ಕಾನ್ಫಿಗ್ ಫೈಲ್ ಕಾಪಿ ಮಾಡಿ ಅಂತ ಇದೆ. ಆ ಹೆಸರಿನ ಫೈಲೇ ಇಲ್ಲ. ಯಾವತ್ತೋ ಹೆಸರು ಬದಲಾಯಿಸಿದ್ದಾರೆ.

ನಾನು ಬಿದ್ದ ಗುಂಡಿಗೆ ಇನ್ನೊಬ್ಬರು ಬೀಳೋದು ಬೇಡ ಅಂತ ಎರಡನ್ನೂ ತಿದ್ದಿದೆ. ಕೈ ಹಾಕಿದ ಮೇಲೆ ಅರ್ಧಕ್ಕೆ ಯಾಕೆ ಬಿಡೋದು ಅಂತ ಬೇರೆ ಪುಟಗಳಲ್ಲಿದ್ದ ಇಂಗ್ಲಿಷ್ ವ್ಯಾಕರಣದ ತಪ್ಪುಗಳನ್ನೂ ಸರಿ ಮಾಡಿದೆ. ಒಟ್ಟು 11 ಫೈಲು. ಪಿಆರ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿ ಊಟ ಮಾಡಿ ಬಂದು ನೋಡಿದರೆ ಮುಚ್ಚಿದ್ದಾರೆ! ಒಂದು ಮಾತಿಲ್ಲ, ಕಥೆಯಿಲ್ಲ. 'ಸ್ಪ್ಯಾಮ್' ಅಂತ ಒಂದು ಲೇಬಲ್ ಅಷ್ಟೆ.

ಡಾಕ್ಸ್ (ವಿವರಣೆಯ ಪುಟಗಳು) ತಿದ್ದೋದು ಅಷ್ಟು ಕೀಳು ಕೆಲಸವಾ? ಎಲ್ಲರೂ 'ಡಾಕ್ಸ್‌ನಿಂದ ಶುರು ಮಾಡು' ಅಂತಲೇ ಹೇಳುತ್ತಾರಲ್ಲ?

ಹಳೇ_ಪೆಂಗ್ವಿನ್ · 9:31

ಬೇಜಾರು ಮಾಡಿಕೊಳ್ಳಬೇಡಮ್ಮ. ಒಂದೇ ಪ್ರಶ್ನೆ. ಪಿಆರ್‌ಗೆ ತಲೆಬರಹ ಏನಂತ ಕೊಟ್ಟಿದ್ದೆ?

ಹೇಮಾವತಿ_ದಂಡೆ · 9:33

ಮೊದಲು ರೀಡ್‌ಮಿಯನ್ನು ಕೋಡ್ ಇಟ್ಟಿರುವ ಗಿಟ್‌ಹಬ್ ತಾಣದಲ್ಲೇ ತೆರೆದು ತಿದ್ದಿದ್ದೆ ಸರ್. ಅದು ತಾನಾಗಿ ಹಾಕಿದ ಸಾಲನ್ನೇ ಬಿಟ್ಟೆ. 'ಅಪ್‌ಡೇಟ್ ರೀಡ್‌ಮಿ ಡಾಟ್ ಎಂಡಿ'.

ಗುಂಡಿ_ಗುರುತು · 9:34

ಅಯ್ಯೋ ರಾಮ.

ಹಳೇ_ಪೆಂಗ್ವಿನ್ · 9:58

ಸಿಕ್ಕಿತು ನೋಡು. ಆ ಸಾಲು ಕಂಡರೆ ಈಗ ಮೇಂಟೇನರ್‌ಗಳಿಗೆ (ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆ) ಮೈ ಉರಿಯುತ್ತದೆ. ತಪ್ಪು ನಿನ್ನದಲ್ಲ. ನಿನಗಿಂತ ಮುಂಚೆ ಬಂದವರು ಮಾಡಿಟ್ಟು ಹೋದದ್ದು.

ಡಿಜಿಟಲ್‌ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಅಂತ, ಓಪನ್ ಸೋರ್ಸ್‌ಗೆ ಪಿಆರ್ ಕಳಿಸುವ ಉತ್ಸವ ನಡೆಸುತ್ತಾ ಬಂದಿದೆ. 2020ರಲ್ಲಿ ನಾಲ್ಕು ಪಿಆರ್ ಕಳಿಸಿದರೆ ಟೀ ಶರ್ಟ್ ಕೊಡುತ್ತಿದ್ದರು. ಒಂದು ಯೂಟ್ಯೂಬ್ ವಿಡಿಯೊದಲ್ಲಿ ರೀಡ್‌ಮಿಗೆ ಎರಡು ಪದ ಸೇರಿಸಿ ಪಿಆರ್ ಕಳಿಸೋದನ್ನು ತೋರಿಸಿದರು. ಆಯಿತಲ್ಲ! 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಅಂಟಿಸಿದ ಪಿಆರ್‌ಗಳು ದೀಪಕ್ಕೆ ಮಳೆಹುಳ ಮುತ್ತಿದ ಹಾಗೆ ಮುತ್ತಿದವು. ಅಕ್ಟೋಬರ್ 3ಕ್ಕೇ ನಿಯಮ ಬದಲಾಯಿಸಬೇಕಾಯಿತು. ಪ್ರಾಜೆಕ್ಟ್‌ನವರು ತಾವಾಗಿ ಒಪ್ಪಿಕೊಂಡಿದ್ದರೆ ಮಾತ್ರ ಲೆಕ್ಕಕ್ಕೆ ಅಂದರು.

ಅದು ಮರೆಯಿತು ಅನ್ನುವಷ್ಟರಲ್ಲಿ 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್ ಡಾಟ್ ಜೆಎಸ್ ಅನ್ನುವ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ಗೆ ಅದೇ ಗತಿಯಾಯಿತು. ನಮ್ಮ ದೇಶದ್ದೇ ಒಂದು ಪಾಠದ ವಿಡಿಯೊ. ಪಿಆರ್ ಕಳಿಸೋದು ಹೇಗೆ ಅಂತ ತೋರಿಸಲು ಎಕ್ಸ್‌ಪ್ರೆಸ್‌ನ ರೀಡ್‌ಮಿಗೆ ಹೆಸರು ಸೇರಿಸಿ ತೋರಿಸಿದ್ದರು. ನೋಡಿದ ಹುಡುಗರು ನಿಜವಾಗಿಯೂ ತಮ್ಮ ಹೆಸರು, ಕಾಲೇಜಿನ ಹೆಸರು ಬರೆದು ಕಳಿಸಲು ಶುರು ಮಾಡಿದರು. ದೇವಸ್ಥಾನದ ಗೋಡೆಯ ಮೇಲೆ ಕಲ್ಲಿನಿಂದ ಹೆಸರು ಕೆತ್ತಿ ಬರುವುದಿಲ್ಲವಾ, ಹಾಗೆ. ಅವುಗಳ ತಲೆಬರಹ ಏನಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ತಾನೆ?

ಒಳಗೆ ಏನಿದೆ ಅಂತ ತೆರೆದು ನೋಡುವ ತಾಳ್ಮೆ ಈಗ ಯಾರಿಗೂ ಉಳಿದಿಲ್ಲ.

ದರ್ಶಿನಿ_ಕಾಫಿ · ಭಾನುವಾರ ರಾತ್ರಿ 10:26

ಕಥೆ ಸರಿ ಸರ್. ಆದರೆ ತಾಳ್ಮೆ ಉಳಿದಿಲ್ಲ ಅಂದು ಸುಮ್ಮನಾಗೋದು ನನಗೆ ಒಪ್ಪಿಗೆಯಿಲ್ಲ. ನಾನು ಹನ್ನೆರಡು ವರ್ಷದಿಂದ ಟೆಕ್ನಿಕಲ್ ರೈಟರ್ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದರೂ ಸಹಿಸಿಕೊಳ್ಳಿ.

2017ರಲ್ಲಿ ಗಿಟ್‌ಹಬ್ ಒಂದು ಸರ್ವೆ ಮಾಡಿತ್ತು. ಡಾಕ್ಸ್ ಅರೆಬರೆ ಇರೋದು, ಹಳೆಯದಾಗಿರೋದು ಎಲ್ಲ ಕಡೆಯ ಸಮಸ್ಯೆ ಅಂತ 93% ಜನ ಹೇಳಿದರು. ಅದೇ ಸರ್ವೆಯಲ್ಲಿ 60% ಕಾಂಟ್ರಿಬ್ಯೂಟರ್‌ಗಳು ತಾವು ಡಾಕ್ಸ್ ಮುಟ್ಟೋದೇ ಅಪರೂಪ, ಇಲ್ಲವೇ ಮುಟ್ಟೋದೇ ಇಲ್ಲ ಅಂದರು. ಎಲ್ಲರಿಗೂ ಊಟ ಬೇಕು, ಪಾತ್ರೆ ತೊಳೆಯೋರು ಯಾರೂ ಇಲ್ಲ.

ಹೇಮಾವತಿ, ನಿನ್ನ ಆ ಎರಡು ಸಾಲು ಇದೆಯಲ್ಲ, ಅದನ್ನು ಮೇಂಟೇನರ್ ಬರೆಯಲಾರ. ಅವನ ಯಂತ್ರದಲ್ಲಿ ಲಿಬ್‌ಪಿಕ್ಯೂ-ಡೆವ್ ಯಾವ ಕಾಲದಿಂದಲೋ ಕೂತಿದೆ. ಅದಿಲ್ಲದಿದ್ದರೆ ಏನಾಗುತ್ತದೆ ಅಂತ ಅವನಿಗೆ ನೆನಪೇ ಇಲ್ಲ. ಹೊಸಬರಿಗೆ ಮಾತ್ರ ಕಾಣುವ ಗುಂಡಿ ಅದು. ಮೂರು ತಿಂಗಳು ಕಳೆದರೆ ನಿನಗೂ ಕಾಣಿಸೋದಿಲ್ಲ. ಎಡವಿದ ದಿನವೇ ಬರೆದಿಡಬೇಕು.

ಚೆನ್ನಾಗಿ ನಡೆಯುವ ಪ್ರಾಜೆಕ್ಟ್‌ಗಳು ಇದನ್ನು ಪುಣ್ಯದ ಕೆಲಸ ಅಂತ ಬಿಟ್ಟಿಲ್ಲ, ನಿಯಮ ಮಾಡಿಕೊಂಡಿವೆ. ಜಾಂಗೋ ಅನ್ನುವ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಲ್ಲಿ ಹೊಸ ಫೀಚರ್ ತಂದರೆ ಅದರ ಜೊತೆಗೇ ಟೆಸ್ಟ್ ಇರಬೇಕು, ಡಾಕ್ಸ್ ಇರಬೇಕು. ಇಲ್ಲದಿದ್ದರೆ ಒಳಗೆ ಹೋಗೋದಿಲ್ಲ. 2005ರಲ್ಲಿ ಹೊರಬಂದ ಜಾಂಗೋ ಇವತ್ತಿಗೂ ಹೊಸಬರನ್ನು ಸೆಳೆಯೋದಕ್ಕೆ ಅದರ ಕೋಡ್ ಎಷ್ಟು ಕಾರಣವೋ ಆ ಪುಟಗಳೂ ಅಷ್ಟೇ ಕಾರಣ ಅನ್ನೋದು ನನ್ನ ಅಭಿಪ್ರಾಯ.

ಸೆಮಿಕೋಲನ್_ಸೀನ · 10:40

ಎಲ್ಲರೂ ಬೈಯ್ಯಿರಿ ಪರವಾಗಿಲ್ಲ, ಹೇಳಿಬಿಡುತ್ತೇನೆ. ಕೋಡ್ ಓದಲು ಬರದಿದ್ದವರಿಗೆ ಡಾಕ್ಸ್. ಡಾಕ್ಸ್ ಸುಳ್ಳು ಹೇಳುತ್ತದೆ, ಕೋಡ್ ಸುಳ್ಳು ಹೇಳೋದಿಲ್ಲ. ನಾನು ಯಾವ ಲೈಬ್ರರಿ ತಗೊಂಡರೂ ನೇರ ಸೋರ್ಸ್ ತೆರೆಯುತ್ತೇನೆ. ಹದಿನೈದು ನಿಮಿಷ ಜಾಸ್ತಿ ಹಿಡಿಯಬಹುದು, ಆದರೆ ಮೋಸ ಇಲ್ಲ.

ಹಳೇ_ಪೆಂಗ್ವಿನ್ · 10:52

ಸೀನಣ್ಣ ಬಂದರು, ಇನ್ನು ಚರ್ಚೆ ಕಳೆಗಟ್ಟುತ್ತದೆ.

ದರ್ಶಿನಿ_ಕಾಫಿ · 11:07

ಸೀನ, ಒಂದು ಉದಾಹರಣೆ ಕೊಡುತ್ತೇನೆ, ನೀವೇ ಹೇಳಿ.

ಪೈಥಾನ್ 3.6ರಲ್ಲಿ ಡಿಕ್ಷನರಿಯ (ಕೀ ಕೊಟ್ಟರೆ ಅದರ ಮೌಲ್ಯ ಕೊಡುವ ಪಟ್ಟಿ) ಒಳಗಿನ ರಚನೆ ಬದಲಾಯಿತು. ಉದ್ದೇಶ ಮೆಮೊರಿ ಉಳಿಸೋದು. ಅದರ ಜೊತೆಗೆ, ಹಾಕಿದ ಕ್ರಮದಲ್ಲೇ ಕೀಗಳು ವಾಪಸ್ ಸಿಗಲು ಶುರುವಾಯಿತು. ಸೋರ್ಸ್ ತೆರೆದು ನೋಡಿದವರಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ 3.6ರ ಡಾಕ್ಸ್ 'ಇದು ಸದ್ಯದ ಅನುಷ್ಠಾನದ ಗುಣ, ಇದನ್ನು ನೆಚ್ಚಿಕೊಳ್ಳಬೇಡಿ' ಅಂತ ಹೇಳಿತ್ತು. 3.7ಕ್ಕೆ ಬಂದಾಗ ಅದನ್ನೇ ಭಾಷೆಯ ಖಾತರಿ ಅಂತ ಬರೆದರು. ಕ್ರಮ ಎರಡರಲ್ಲೂ ಒಂದೇ ರೀತಿ ಬರುತ್ತಿತ್ತು. ಬದಲಾಗಿದ್ದು ಮಾತು.

ಯಾವುದು ಕೊಟ್ಟ ಮಾತು, ಯಾವುದು ಆಕಸ್ಮಿಕ ಅಂತ ಯಾವ ಸೋರ್ಸ್ ಫೈಲ್ ಹೇಳುತ್ತದೆ?

ಸೆಮಿಕೋಲನ್_ಸೀನ · 11:15

ಹ್ಞೂಂ. ಅದು ಒಪ್ಪಿದೆ.

ಆದರೂ ಹಳಸಿದ ಡಾಕ್ಸ್ ಬಗ್ಗೆ ಏನಂತೀರಿ? ಇಲ್ಲದ ಡಾಕ್ಸ್‌ಗಿಂತ ಅದು ಕೆಟ್ಟದ್ದು. ಈ ಹುಡುಗಿಗೆ ಆಗಿದ್ದೂ ಅದೇ, ಇಲ್ಲದ ಫೈಲನ್ನು ಕಾಪಿ ಮಾಡು ಅಂದಿದ್ದಾರೆ.

ಹಳೇ_ಪೆಂಗ್ವಿನ್ · ಭಾನುವಾರ ರಾತ್ರಿ 11:38

ಅದಕ್ಕೆ ಔಷಧ ಇದೆ. ಉದಾಹರಣೆಗಳನ್ನು ಟೆಸ್ಟ್ ಥರ ಓಡಿಸಿದರೆ ಆಯಿತು. ಪೈಥಾನ್‌ನಲ್ಲಿ ಡಾಕ್‌ಟೆಸ್ಟ್ 2001ರಿಂದ ಇದೆ. ರಸ್ಟ್ ಭಾಷೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ 'ಕಾರ್ಗೋ ಟೆಸ್ಟ್' ಅಂದರೆ ಸಾಕು, ಲೈಬ್ರರಿಯ ಡಾಕ್ ಕಾಮೆಂಟ್‌ನಲ್ಲಿರುವ ಕೋಡ್ ತುಣುಕುಗಳೂ ಕಂಪೈಲ್ ಆಗಿ ಓಡುತ್ತವೆ. ಫಂಕ್ಷನ್ ಹೆಸರು ಬದಲಾಯಿಸಿ ಉದಾಹರಣೆ ಮರೆತರೆ ಅಲ್ಲೇ ಟೆಸ್ಟ್ ಬೀಳುತ್ತದೆ. ಸೆಟಪ್ ಹೆಜ್ಜೆಗಳಿಗೂ ಹೀಗೆ ಮಾಡಬಹುದು. ಏನೂ ಇಲ್ಲದ ಖಾಲಿ ಕಂಟೇನರ್‌ನಲ್ಲಿ (ಹೊಸ ಯಂತ್ರದಂತೆ ಪ್ರತ್ಯೇಕವಾಗಿ ಓಡುವ ಜಾಗ) ರೀಡ್‌ಮಿಯ ಆಜ್ಞೆಗಳನ್ನು ಪ್ರತಿ ವಾರ ಓಡಿಸಿ ನೋಡಿ. ಎಷ್ಟು ಪ್ರಾಜೆಕ್ಟ್ ಪಾಸಾಗುತ್ತವೋ ದೇವರೇ ಬಲ್ಲ.

ಇನ್ನೊಂದು ಮಾತು. ಬರೆಯುವ ಸಾಧನ ಕಷ್ಟವಿದ್ದರೆ ಜನ ಹತ್ತಿರ ಬರೋದಿಲ್ಲ. ಪೈಥಾನ್‌ನ ಡಾಕ್ಸ್ ಮೊದಲು ಲೇಟೆಕ್ ಅನ್ನುವ ಅಕ್ಷರ ಜೋಡಣೆಯ ಭಾಷೆಯಲ್ಲಿ ಇತ್ತು. ಅದನ್ನು ಸರಳ ಪಠ್ಯಕ್ಕೆ ತರಲು ಗಿಯೋರ್ಗ್ ಬ್ರಾಂಡ್ಲ್ ಸ್ಫಿಂಕ್ಸ್ ಮಾಡಿದರು, 2008ರಲ್ಲಿ. ಅದೇ ಸ್ಫಿಂಕ್ಸ್ 2016ರಲ್ಲಿ ಲಿನಕ್ಸ್ ಕರ್ನಲ್‌ಗೂ ಬಂತು. ಅಲ್ಲಿಯವರೆಗೆ ಕರ್ನಲ್‌ನಲ್ಲಿ ಡಾಕ್‌ಬುಕ್ ಇತ್ತು. ಅದನ್ನು ಬಿಲ್ಡ್ ಮಾಡೋದು... ಬೇಡ, ರಾತ್ರಿ ಹೊತ್ತು ಕೆಟ್ಟದ್ದನ್ನು ನೆನಪಿಸಿಕೊಳ್ಳಬಾರದು.

ನಡುರಾತ್ರಿ_ಮರ್ಜ್ · ಸೋಮವಾರ ಬೆಳಗಿನ ಜಾವ 12:49

ಮೇಂಟೇನರ್ ಕಡೆಯಿಂದಲೂ ಒಬ್ಬರು ಮಾತಾಡಬೇಕಲ್ಲ. ನಾನು ಒಂದು ಸಣ್ಣ ಲೈಬ್ರರಿ ನೋಡಿಕೊಳ್ಳುತ್ತೇನೆ. ಸಂಬಳ ಇಲ್ಲ. ಆಫೀಸ್ ಮುಗಿಸಿ, ಮಗು ಮಲಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಮಾಡುವ ಕೆಲಸ. ಹೆಸರು ನೋಡಿದರೆ ಗೊತ್ತಾಗುತ್ತದೆ.

ಹೇಮಾವತಿಯವರ ಪಿಆರ್ ನನಗೆ ಬಂದಿದ್ದರೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ನಾನೂ ಮುಚ್ಚುತ್ತಿದ್ದೆನೋ ಏನೋ. ತಲೆಬರಹ ಒಂದೇ ಕಾರಣ ಅಲ್ಲ. 11 ಫೈಲು ನೋಡಿಯೇ ಎದೆ ಧಸಕ್ ಅನ್ನುತ್ತದೆ. ಅದರಲ್ಲಿ ಎರಡು ಸಾಲು ಚಿನ್ನ. ಉಳಿದದ್ದು ಅಲ್ಪವಿರಾಮ, 'ದಿ', 'ಎ'. ಆ ಚಿನ್ನ ಹುಡುಕಲು ನಾನು ಎಲ್ಲವನ್ನೂ ಓದಬೇಕು. ವ್ಯಾಕರಣ ಬದಲಾಯಿಸುವ ಭರದಲ್ಲಿ ಎಲ್ಲಾದರೂ ಅರ್ಥವೇ ಬದಲಾಗಿದೆಯಾ ಅಂತಲೂ ನೋಡಬೇಕು. 'ಶುಡ್' ಇದ್ದದ್ದು 'ಮಸ್ಟ್' ಆದರೆ ನಮ್ಮಲ್ಲಿ ಅದು ದೊಡ್ಡ ವ್ಯತ್ಯಾಸ. ಮೇಲೆ ಪೈಥಾನ್ ಕಥೆ ಹೇಳಿದರಲ್ಲ, ಅದೇ.

ಜೊತೆಗೆ ಒಂದು ಭಯವೂ ಇದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಪ್ರಕರಣ ಆಯಿತು. ಫೈಲ್ ಕುಗ್ಗಿಸುವ, ಒಬ್ಬರೇ ದಣಿದು ನೋಡಿಕೊಳ್ಳುತ್ತಿದ್ದ ಲೈಬ್ರರಿ. 'ಜಿಯಾ ಟಾನ್' ಅನ್ನುವ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೊಳ್ಳೆಯ ಪ್ಯಾಚ್ ಕಳಿಸಿದರು. ಬೇರೆ ಕೆಲವು ಖಾತೆಗಳು 'ಕೆಲಸ ನಿಧಾನ ಆಗ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ' ಅಂತ ಒತ್ತಡ ಹಾಕಿದವು. ನಂಬಿಕೆ ಬಂದು ಹಕ್ಕು ಕೊಟ್ಟ ಮೇಲೆ ಹಿಂಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೆವಲಪರ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರದೊಳಗೆ ಹೋಗುವ) ಲಾಗಿನ್ ಅರ್ಧ ಸೆಕೆಂಡ್ ತಡವಾಗಿದ್ದು ಕಣ್ಣಿಗೆ ಬೀಳದಿದ್ದರೆ ಅದು ಎಲ್ಲಿಗೆ ಮುಟ್ಟುತ್ತಿತ್ತೋ. ಅವತ್ತಿನಿಂದ ಅಪರಿಚಿತರು 'ಸಹಾಯ ಮಾಡುತ್ತೇನೆ' ಅಂದರೆ ಖುಷಿಯ ಜೊತೆ ಸಣ್ಣ ಅನುಮಾನವೂ ಬರುತ್ತದೆ. ಇದು ಒಳ್ಳೆಯದಲ್ಲ, ಗೊತ್ತು. ಏನು ಮಾಡೋದು.

ಮಾತಾಡದೆ ಲೇಬಲ್ ಅಂಟಿಸಿ ಮುಚ್ಚಿದ್ದು ಮಾತ್ರ ತಪ್ಪು. ಅದಕ್ಕೆ ಒಂದು ಸಾಲು ಬರೆಯಬಹುದಿತ್ತು. ನನ್ನ ಸಲಹೆ ಇಷ್ಟೆ: ಮೊದಲು ಒಂದು ಇಶ್ಯೂ (ಸಮಸ್ಯೆ ತಿಳಿಸುವ ಟಿಪ್ಪಣಿ) ತೆರೆಯಿರಿ. ಯಾವ ಉಬುಂಟು, ಯಾವ ಪೈಥಾನ್, ಬಂದ ಎರರ್ ಏನು, ಪೂರ್ತಿ ಅಂಟಿಸಿ. ಆಮೇಲೆ ಬರೀ ಆ ಎರಡು ಸಾಲಿನ ಪಿಆರ್. ವ್ಯಾಕರಣ ಬೇರೆ, ಅದೂ ಅವರು ಬೇಕು ಅಂದರೆ.

ಗುಂಡಿ_ಗುರುತು · ಸೋಮವಾರ ಬೆಳಿಗ್ಗೆ 7:20

ಪೈಥಾನ್‌ನಿಂದ ಪೋಸ್ಟ್‌ಗ್ರೆಸ್‌ಗೆ ಜೋಡಿಸಲು ಸೈಕಾಪ್‌ಜಿ2-ಬೈನರಿ ಅಂತ ಬೇರೆ ಪ್ಯಾಕೇಜ್ ಇದೆಯಲ್ಲ, ಅದನ್ನು ಹಾಕಿದರೆ ಕಂಪೈಲ್ ಮಾಡುವ ಗೋಜೇ ಇಲ್ಲ?

ನಡುರಾತ್ರಿ_ಮರ್ಜ್ · 7:41

ಕಲಿಯಲು, ಟೆಸ್ಟ್ ಮಾಡಲು ನಡೆಯುತ್ತದೆ. ಪ್ರೊಡಕ್ಷನ್‌ಗೆ ಸೋರ್ಸ್‌ನಿಂದಲೇ ಬಿಲ್ಡ್ ಮಾಡಿ ಅಂತ ಅವರ ಡಾಕ್ಸೇ ಹೇಳುತ್ತದೆ. ಪ್ರಾಜೆಕ್ಟ್‌ನವರು ಬೇಕಂತಲೇ ಅದನ್ನು ಆರಿಸದೆ ಇರಬಹುದು. ಹಾಗಿದ್ದರೆ 'ಯಾಕೆ' ಅಂತ ಒಂದು ಸಾಲು ಬರೆದಿರಬೇಕಿತ್ತು. ಇಲ್ಲದಿದ್ದರೆ ವಾರಕ್ಕೊಬ್ಬರು ಇದೇ ಪ್ರಶ್ನೆ ಕೇಳುತ್ತಾರೆ, ನೀವು ಕೇಳಿದ ಹಾಗೆ.

ಒತ್ತಕ್ಷರ · ಸೋಮವಾರ ಮಧ್ಯಾಹ್ನ 1:35

ತಡವಾಗಿ ಬಂದೆ. ಡೆವಲಪರ್ ಡಾಕ್ಸ್ ಅಂದರೆ ಎಲ್ಲರೂ ಸೆಟಪ್, ಎಪಿಐ ಅಂತಲೇ ಮಾತಾಡುತ್ತಿದ್ದೀರಿ. ಕನ್ನಡಕ್ಕೆ ಅನುವಾದ ಮಾಡುವ ನಮ್ಮಂಥವರಿಗೆ ಬೇಕಾದ ಡಾಕ್ಸ್ ಇನ್ನೊಂದು ಇದೆ. ಅದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಿದರೆ ಬೈಯ್ಯಬೇಡಿ.

ಕೆಲವು ವರ್ಷದ ಹಿಂದೆ ಒಂದು ತಂತ್ರಾಂಶ ಅನುವಾದಿಸುತ್ತಿದ್ದೆ. ಪಟ್ಟಿಯಲ್ಲಿ 'ಫ್ರೀ' ಅಂತ ಒಂದೇ ಪದ ಬಂತು. ಹಿಂದೆ ಮುಂದೆ ಏನಿಲ್ಲ. 'ಉಚಿತ' ಅಂತ ಬರೆದೆ. ಹೊರಬಂದ ಮೇಲೆ ನೋಡಿದರೆ ಅದು ಡಿಸ್ಕ್‌ನ ಖಾಲಿ ಜಾಗ ತೋರಿಸುವ ಕಡೆ! '8 ಜಿಬಿ ಉಚಿತ'. ಯಾರೋ ಪುಣ್ಯಾತ್ಮರು ದಾನ ಮಾಡಿದ ಹಾಗೆ. ತಪ್ಪು ನನ್ನದೇ, ಆದರೆ ಆ ಪದದ ಪಕ್ಕ 'ಇದು ಡಿಸ್ಕ್ ಜಾಗ' ಅಂತ ಕೋಡ್ ಬರೆದವರು ಒಂದು ಸಾಲು ಹಾಕಿದ್ದರೆ ಆಗುತ್ತಿರಲಿಲ್ಲ.

ವಿಕಿಪೀಡಿಯ ಓಡುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಇದಕ್ಕೆ ಚೆಂದದ ವ್ಯವಸ್ಥೆ ಇದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆಯಲ್ಲ, ಅದರ ಗುಂಡಿಗಳು, ಸಂದೇಶಗಳು ಎಲ್ಲ ಟ್ರಾನ್ಸ್‌ಲೇಟ್‌ವಿಕಿ ಅನ್ನುವ ತಾಣದಲ್ಲಿ ಅನುವಾದವಾಗಿ ಬರುತ್ತವೆ. ಪ್ರತಿ ಭಾಷೆಗೆ ಒಂದು ಸಂಕೇತ ಇರುತ್ತದೆ, ಕನ್ನಡಕ್ಕೆ 'ಕೆಎನ್'. ಅವುಗಳ ನಡುವೆ 'ಕ್ಯೂಕ್ಯೂಕ್ಯೂ' ಅಂತ ಒಂದು ವಿಚಿತ್ರ ಸಂಕೇತ. ಅದು ಯಾರ ಭಾಷೆಯೂ ಅಲ್ಲ. ಪ್ರತಿ ಸಂದೇಶ ಎಲ್ಲಿ ಕಾಣುತ್ತದೆ, ಕ್ರಿಯಾಪದವೋ ನಾಮಪದವೋ, 'ಡಾಲರ್ 1' ಅಂದ ಕಡೆ ಏನು ಬಂದು ಕೂರುತ್ತದೆ ಅಂತ ಡೆವಲಪರ್ ಬರೆಯುವ ಜಾಗ ಅದು. ಹೊಸ ಸಂದೇಶ ಸೇರಿಸಿ ಕ್ಯೂಕ್ಯೂಕ್ಯೂ ಮರೆತರೆ ತಪಾಸಣೆಯ ಸ್ಕ್ರಿಪ್ಟ್ ದೂರು ಹೇಳುತ್ತದೆ. ಸೀನ ಅವರೇ, ಇದು ಯಾವ ಸೋರ್ಸ್ ಓದಿದರೂ ಅನುವಾದಕರಿಗೆ ಸಿಗೋದಿಲ್ಲ.

ಆ 'ಡಾಲರ್ 1' ಕನ್ನಡದವರಿಗೆ ದೊಡ್ಡ ತಲೆನೋವು. ಇಂಗ್ಲಿಷ್‌ನಲ್ಲಿ 'ಇನ್ ಡಾಲರ್ 1' ಅಂದರೆ ಮುಗಿಯಿತು. ನಮ್ಮಲ್ಲಿ ಹಾಸನದಲ್ಲಿ, ಬೆಂಗಳೂರಿನಲ್ಲಿ, ದಾವಣಗೆರೆಯಲ್ಲಿ. ಬಾಲ ಊರಿಗೊಂದು. ಏನು ಬರುತ್ತದೆ ಅಂತ ಗೊತ್ತಿದ್ದರೆ 'ಊರು: ಡಾಲರ್ 1' ಅಂತ ವಾಕ್ಯವನ್ನೇ ತಿರುಗಿಸಿ ಪಾರಾಗಬಹುದು. ಗೊತ್ತಿಲ್ಲದಿದ್ದರೆ 'ಹಾಸನನಲ್ಲಿ' ಅಂತ ಬಂದು ಜನ ನಗುತ್ತಾರೆ. ಬಳಕೆದಾರರ ಹೆಸರು ಬರುವ ಕಡೆ ಗಂಡೋ ಹೆಣ್ಣೋ ಅನ್ನುವ ಪ್ರಶ್ನೆ. ಅಲ್ಲಿ ಮಾತ್ರ ನಮ್ಮ ಬಹುವಚನ ಕಾಪಾಡುತ್ತದೆ. 'ತಿದ್ದಿದರು' ಅಂದರೆ ಗೌರವವೂ ಆಯಿತು, ಸಮಸ್ಯೆಯೂ ಮುಗಿಯಿತು. ಇದಕ್ಕಾಗಿ ಬೇರೆ ಭಾಷೆಯವರು ಪಡುವ ಪಾಡು ನೋಡಬೇಕು ನೀವು.

ಹೇಮಾವತಿ, ಕೋಡ್ ಬರೆಯದೆ ಪ್ರಾಜೆಕ್ಟ್‌ಗೆ ಉಪಕಾರ ಮಾಡಬೇಕಾದರೆ ಇದೂ ಒಂದು ದಾರಿ. ವಿವರಣೆ ಇಲ್ಲದ ಸಂದೇಶ ಹುಡುಕಿ, 'ಇದು ಎಲ್ಲಿ ಬರುತ್ತದೆ' ಅಂತ ಕೇಳಿ, ಉತ್ತರವನ್ನು ಅಲ್ಲೇ ಬರೆದಿಡು. ಒಂದು ಸಾಲು ಬರೆದರೆ ಕನ್ನಡದವರಿಗೆ ಮಾತ್ರ ಅಲ್ಲ, ತಮಿಳಿನವರಿಗೂ ಫಿನ್ನಿಷ್‌ನವರಿಗೂ ಅನುಕೂಲ.

ಸೆಮಿಕೋಲನ್_ಸೀನ · 2:02

8 ಜಿಬಿ ಉಚಿತ. ಇವತ್ತಿನ ಮಟ್ಟಿಗೆ ಇಷ್ಟು ಸಾಕು ನನಗೆ.

ಹಳೇ_ಪೆಂಗ್ವಿನ್ · ಸೋಮವಾರ ಸಂಜೆ 6:15

ಒತ್ತಕ್ಷರ ಅವರ ಮಾತು ಕೇಳಿ ಹಳೆಯದು ನೆನಪಾಯಿತು. ಬೆಂಗಳೂರಿನಲ್ಲಿ 2001ರಿಂದ ಲಿನಕ್ಸ್ ಬೆಂಗಳೂರು ಅಂತ ಸಮಾವೇಶ ನಡೆಯುತ್ತಿತ್ತು. 2005ರಲ್ಲಿ ಅದು ಫಾಸ್ ಡಾಟ್ ಇನ್ ಆಯಿತು. ಆಮೇಲಾಮೇಲೆ ಬರೀ ಭಾಷಣ ಸಾಕು, ಕೂತು ಕೆಲಸ ಮಾಡಿ ಅಂತ ವರ್ಕ್‌ಔಟ್ ಶುರು ಮಾಡಿದರು. ಲ್ಯಾಪ್‌ಟಾಪ್ ಹಿಡಿದು ನೆಲದ ಮೇಲೆ ಕೂತು ಪ್ಯಾಚ್ ಬರೆದವರಲ್ಲಿ ನಾನೂ ಒಬ್ಬ. ಪಕ್ಕದಲ್ಲಿ ಕೂತವರಿಗೆ 'ಇದು ನನ್ನಲ್ಲಿ ಬಿಲ್ಡ್ ಆಗ್ತಿಲ್ಲ' ಅಂದರೆ ಅವರು ಸ್ಕ್ರೀನ್ ನೋಡಿ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ತೊಂದರೆ ಏನೆಂದರೆ, ಆ ಎರಡು ನಿಮಿಷದ ಉತ್ತರವನ್ನು ನಾವು ಯಾರೂ ಎಲ್ಲೂ ಬರೆದಿಡಲಿಲ್ಲ. ಹೋದ ವರ್ಷ ಒಬ್ಬ ಹುಡುಗ ಅದೇ ಪ್ರಶ್ನೆ ನನ್ನನ್ನು ಕೇಳಿದ.

ದರ್ಶಿನಿ_ಕಾಫಿ · 6:50

ಬರೆದಿಡುವಾಗ ಒಂದು ಎಚ್ಚರ ಇರಲಿ. ಎಲ್ಲವನ್ನೂ ಒಂದೇ ಪುಟಕ್ಕೆ ತುರುಕಬೇಡಿ. ಡೇನಿಯೆಲೆ ಪ್ರೊಚಿಡಾ ಅನ್ನುವವರು ಡಾಕ್ಸನ್ನು ನಾಲ್ಕು ಬಗೆ ಮಾಡುತ್ತಾರೆ, ಡಯಾಟ್ಯಾಕ್ಸಿಸ್ ಅಂತ ಅದಕ್ಕೆ ಹೆಸರು. ನಾನು ಆಫೀಸಿನ ಹೊಸಬರಿಗೆ ಬಸ್ ಸ್ಟ್ಯಾಂಡ್ ಲೆಕ್ಕದಲ್ಲಿ ಹೇಳುತ್ತೇನೆ. ಮೊದಲ ಸಲ ಊರಿಂದ ಬಂದವರನ್ನು ಕೈ ಹಿಡಿದು ಬಸ್ ಹತ್ತಿಸಿ ಇಳಿಸೋದು ಟ್ಯುಟೋರಿಯಲ್. 'ಶೃಂಗೇರಿಗೆ ಹೋಗಬೇಕು, ಹೇಗೆ?' ಅಂದವರಿಗೆ ಕೊಡುವ ಉತ್ತರ ಹೌ-ಟು. ಗೋಡೆ ಮೇಲಿನ ವೇಳಾಪಟ್ಟಿ ರೆಫರೆನ್ಸ್. ಘಾಟಿಯಲ್ಲಿ ಹೋಗದೆ ಬಸ್ಸು ಸುತ್ತಿ ಬಳಸಿ ಯಾಕೆ ಹೋಗುತ್ತದೆ ಅಂತ ಕಂಡಕ್ಟರ್ ಹೇಳುತ್ತಾರಲ್ಲ, ಅದು ನಾಲ್ಕನೆಯದು, ವಿವರಣೆ. ಕೈ ಹಿಡಿದು ಕರೆದುಕೊಂಡು ಹೋಗಬೇಕಾದವರ ಮುಂದೆ ವೇಳಾಪಟ್ಟಿ ಓದಿದರೆ ಅವರು ವಾಪಸ್ ಊರಿಗೆ ಹೋಗುತ್ತಾರೆ. ಬಹಳ ರೀಡ್‌ಮಿಗಳು ಮಾಡೋದು ಅದನ್ನೇ.

ಹೇಮಾವತಿ_ದಂಡೆ · ಮುಂದಿನ ವಾರ, ಬುಧವಾರ ರಾತ್ರಿ 8:44

ಎಲ್ಲರೂ ಹೇಳಿದ್ದನ್ನು ಮಾಡಿದೆ. ಮೊದಲು ಇಶ್ಯೂ ತೆರೆದೆ. ಮರ್ಜ್ ಅಣ್ಣ ಹೇಳಿದ ಹಾಗೆ ಎರರ್ ಪೂರ್ತಿ ಅಂಟಿಸಿದೆ. ಐದು ದಿನ ಯಾರೂ ಮಾತಾಡಲಿಲ್ಲ. ಆರನೇ ದಿನ ಬೇರೆ ಯಾರೋ ಅಪರಿಚಿತರು ಬಂದು 'ನನಗೂ ಇದೇ' ಅಂದರು. ಆಮೇಲೆ ಮೇಂಟೇನರ್ ಬಂದರು. ಪಿಆರ್ ಕಳಿಸಿ ಅಂದರು. ಎರಡೇ ಸಾಲು ಕಳಿಸಿದೆ, ಇವತ್ತು ಮಧ್ಯಾಹ್ನ ಮರ್ಜ್ ಆಯಿತು, ಅಂದರೆ ಪ್ರಾಜೆಕ್ಟ್‌ಗೆ ಸೇರಿತು. ಹಳೇ ಪಿಆರ್ ಬಗ್ಗೆ ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವ್ಯಾಕರಣದ್ದು ಬೇಡ ಅಂದರು, ಬಿಟ್ಟೆ. (ಅದರಲ್ಲಿ ಒಂದು ಕಡೆ ನಾನು ನಿಜವಾಗಿಯೂ ಅರ್ಥ ಬದಲಾಯಿಸಿಬಿಟ್ಟಿದ್ದೆ. ಈಗ ಓದಿದಾಗ ಗೊತ್ತಾಯಿತು.)

ಈಗ ಹೊಸ ಪೇಚಾಟ. 'ನನಗೂ ಇದೇ' ಅಂದವರು ಮ್ಯಾಕ್‌ನವರು. ಅದಕ್ಕೂ ಒಂದು ಸಾಲು ಸೇರಿಸುತ್ತೀರಾ ಅಂತ ಮೇಂಟೇನರ್ ನನ್ನನ್ನೇ ಕೇಳಿದ್ದಾರೆ. ನನ್ನ ಹತ್ತಿರ ಮ್ಯಾಕ್ ಇಲ್ಲ, ಇಡೀ ಹಾಸ್ಟೆಲ್‌ನಲ್ಲೇ ಇಲ್ಲ. ಓಡಿಸಿ ನೋಡದೆ ಬರೆಯಲು ಮನಸ್ಸಿಲ್ಲ. ಯಾರಾದರೂ ಇದ್ದೀರಾ?

ಸೆಮಿಕೋಲನ್_ಸೀನ · 9:10

ನನ್ನ ಹತ್ತಿರ ಇದೆ. ಮ್ಯಾಕ್‌ಗೆ ಪ್ಯಾಕೇಜ್ ಹಾಕುವ ಹೋಮ್‌ಬ್ರೂನಲ್ಲಿ ಲಿಬ್‌ಪಿಕ್ಯೂ ಹಾಕಿದರೆ ಅಷ್ಟಕ್ಕೇ ಪಿಜಿ_ಕಾನ್ಫಿಗ್ ಸಿಗೋದಿಲ್ಲ, ಅದನ್ನು ಬೇರೆ ಕಡೆ ಇಟ್ಟಿರುತ್ತದೆ. ಪಾತ್‌ಗೆ (ಯಂತ್ರ ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿ) ಕೈಯಾರೆ ಸೇರಿಸಬೇಕು. ಇದೇ ವಿಷಯಕ್ಕೆ ನಾನೂ ಒಮ್ಮೆ ಅರ್ಧ ದಿನ ಕಳೆದಿದ್ದೆ, ಎಲ್ಲೂ ಬರೆದಿಡಲಿಲ್ಲ. ಎಲ್ಲ ತೆಗೆದು ಹೊಸದಾಗಿ ಹಾಕಿ ನೋಡಿ ರಾತ್ರಿ ಆಜ್ಞೆಗಳನ್ನು ಕಳಿಸುತ್ತೇನೆ. ಪಿಆರ್ ನೀನೇ ಕಳಿಸು.

ತಲೆಬರಹ ಮಾತ್ರ ನೋಡಿಕೊಂಡು ಹಾಕಮ್ಮ.